ಊರ ಹೊರಗಿನ ಗುಡಿಸಲು: ‘ಗೃಹಭಂಗ’, ‘ಸಂಸ್ಕಾರ’ ಮತ್ತು ನಮ್ಮ ಮುಚ್ಚಿದ ಬಾಗಿಲುಗಳು

ನಮ್ಮ ಸಂಘದ ವಾಚನಾಲಯದ ಪುಸ್ತಕವೊಂದು ಏಳು ತಿಂಗಳ ಕಾಲ ನನ್ನ ಮನೆಯಲ್ಲಿಯೇ ಉಳಿದುಬಿಟ್ಟಿತ್ತು. ಹದಿನೈದು ದಿನಗಳಲ್ಲಿ ಹಿಂತಿರುಗಿಸಬೇಕಾದ ಪುಸ್ತಕ. 2020ರ ಮಾರ್ಚ್ ತಿಂಗಳ ಎರಡನೆಯ ವಾರದಲ್ಲಿ ನಾನು ಅದನ್ನು ತಂದಾಗ, ಮಹಾರಾಷ್ಟ್ರದ ಮೊತ್ತಮೊದಲ ಕೊರೋನಾ ರೋಗಿಗಳು ನಮ್ಮ ಪುಣೆಯಲ್ಲಿಯೇ ಪತ್ತೆಯಾಗಿ ಒಂದೆರಡು ದಿನಗಳಾಗಿದ್ದವು. ಆದರೂ ಯಾರೂ ಅದನ್ನು ಅಷ್ಟು ಮನಸ್ಸಿಗೆ ಹಚ್ಚಿಕೊಂಡಿರಲಿಲ್ಲ. ಯುಗಾದಿಗೆ ಧಾರವಾಡಕ್ಕೆ ಹೋಗುವಾಗ ರೈಲಿನಲ್ಲಿ ಓದಲೆಂದು ತಂದ ಪುಸ್ತಕವದು. ಆ ವರ್ಷ ಯುಗಾದಿ ಬಂದದ್ದು ಮಾರ್ಚ್ 25ರಂದು. ಇಡೀ ದೇಶ ಬಾಗಿಲು ಮುಚ್ಚಿಕೊಂಡದ್ದೂ ಅದೇ ದಿನ. ರೈಲು ಹೊರಡಲಿಲ್ಲ, ಪುಸ್ತಕ ಮಾತ್ರ ಮೇಜಿನ ಮೇಲೆ ಉಳಿಯಿತು. ಎಸ್. ಎಲ್. ಭೈರಪ್ಪನವರ ‘ಗೃಹಭಂಗ’.

ಆ ಏಳು ತಿಂಗಳಲ್ಲಿ ಈ ಕಾದಂಬರಿಯನ್ನೂ, ಅದರ ಬೆನ್ನಿಗೆ ಯು. ಆರ್. ಅನಂತಮೂರ್ತಿಯವರ ‘ಸಂಸ್ಕಾರ’ವನ್ನೂ ನಾನು ಓದಿದ ರೀತಿ ನನ್ನ ಕಾಲೇಜಿನ ದಿನಗಳ ಓದಿಗಿಂತ ತೀರ ಬೇರೆಯಾಗಿತ್ತು. ಎರಡರಲ್ಲಿಯೂ ಪ್ಲೇಗ್ ಬರುತ್ತದೆ. ಮನೆಯಿಂದ, ಊರಿನಿಂದ, ಬಂಧುಗಳಿಂದ ಮನುಷ್ಯರು ಬೇರೆಯಾಗುತ್ತಾರೆ. ಹಾಗೆ ಬೇರೆಯಾದವರನ್ನು ಒಬ್ಬರಿಗೊಬ್ಬರು ಕಟ್ಟಿ ಹಿಡಿಯುವುದು ಏನು, ಆ ದಿನಗಳಲ್ಲಿ ನಗುವುದಕ್ಕೆ ಜಾಗವುಂಟೆ ಎಂಬ ಪ್ರಶ್ನೆಗಳಿಗೆ ಈ ಎರಡು ಕೃತಿಗಳು ಕೊಡುವ ಉತ್ತರವನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ. ನಾನು ವಿಮರ್ಶೆಯ ಪಂಡಿತನಲ್ಲ. ಬ್ಯಾಂಕಿನಲ್ಲಿ ಲೆಕ್ಕ ಬರೆದು ನಿವೃತ್ತನಾದವನು. ಆದರೆ ಓದಿದ ಪುಸ್ತಕದ ಲೆಕ್ಕವನ್ನು ಒಪ್ಪಿಸುವುದು ಓದುಗನ ಕರ್ತವ್ಯವೆಂದು ನಂಬಿದ್ದೇನೆ.

* * *

ನನ್ನ ಅವ್ವನಿಗೆ ಆಗ ಎಂಬತ್ತನಾಲ್ಕು ವರ್ಷ. ಧಾರವಾಡದಲ್ಲಿ ಅಣ್ಣ ವೈನಿಯರೊಡನೆ ಇದ್ದಾಳೆ. ಕಣ್ಣಿನ ಪೊರೆಯಿಂದಾಗಿ ಓದುವುದು ನಿಂತು ಎರಡು ವರ್ಷವಾಗಿತ್ತು. ಯುಗಾದಿಯ ಸಂಜೆ ಫೋನು ಮಾಡಿದಾಗ ಬೇವು ಬೆಲ್ಲದ ಮಾತು ಎರಡು ನಿಮಿಷಕ್ಕೇ ಮುಗಿಯಿತು. ಉಳಿದದ್ದೆಲ್ಲ ಟಿ.ವಿ.ಯಲ್ಲಿ ಕಂಡ ಸಾವಿನ ಅಂಕಿಗಳೇ. ಆ ಮಾತು ಬೇಡವೆನ್ನಿಸಿ, “ಅವ್ವಾ, ಒಂದು ಕಾದಂಬರಿ ಓದಲೇನು?” ಎಂದೆ. “ಓದು. ಆದ್ರ ಗಟ್ಟಿಯಾಗಿ ಓದು,” ಎಂದಳು.

ಅಂದಿನಿಂದ ದಿನವೂ ಸಂಜೆ ಆರೂವರೆಗೆ ಓದು. ಒಂದು ವಾರದಲ್ಲಿ ಡೊಂಬಿವಲಿಯ ತಂಗಿ ಸೇರಿಕೊಂಡಳು. ವೈನಿ ಅಡಿಗೆಮನೆಯಿಂದಲೇ ಕೇಳುತ್ತಿದ್ದರು. ಅವ್ವನ ಆಜ್ಞೆಯಂತೆ ಆರೂವರೆಯ ನಂತರ ಧಾರವಾಡದ ಮನೆಯಲ್ಲಿ ಸುದ್ದಿಯ ಚಾನೆಲ್ ಬಂದ್. ಇಟಲಿಯ ಬೊಕಾಚಿಯೋ ಬರೆದ ‘ಡೆಕಮೆರಾನ್’ ಎಂಬ ಹಳೆಯ ಗ್ರಂಥದಲ್ಲಿ, 1348ರ ಪ್ಲೇಗಿಗೆ ಅಂಜಿ ಫ್ಲಾರೆನ್ಸ್ ನಗರವನ್ನು ಬಿಟ್ಟ ಹತ್ತು ಜನ ತರುಣ ತರುಣಿಯರು ಹತ್ತು ದಿನಗಳಲ್ಲಿ ನೂರು ಕಥೆಗಳನ್ನು ಹೇಳಿಕೊಳ್ಳುತ್ತಾರೆ. ಹೊರಗಿನಿಂದ ಸಂತೋಷದ ಸುದ್ದಿಯಲ್ಲದೆ ಬೇರೇನನ್ನೂ ಒಳಗೆ ತರಕೂಡದೆಂಬುದು ಅವರೂ ಮಾಡಿಕೊಂಡ ಕಟ್ಟಳೆ. ಅವ್ವ ಬೊಕಾಚಿಯೋನ ಹೆಸರನ್ನೂ ಕೇಳಿದವಳಲ್ಲ.

‘ಗೃಹಭಂಗ’ 1970ರಲ್ಲಿ ಪ್ರಕಟವಾದ ಕಾದಂಬರಿ. ತಿಪಟೂರು, ಚನ್ನರಾಯಪಟ್ಟಣಗಳ ಸೀಮೆಯ ರಾಮಸಂದ್ರವೆಂಬ ಊರು. ಹೆಸರಿಗೆ ಮಾತ್ರ ಶ್ಯಾನುಭೋಗನಾದ ಚೆನ್ನಿಗರಾಯ. ಬಾಯಿ ತೆರೆದರೆ ಬೈಗುಳವೇ ಸುರಿಯುವ ಅವನ ತಾಯಿ ಗಂಗಮ್ಮ. ಗಂಡನ ಲೆಕ್ಕದ ಪುಸ್ತಕಗಳನ್ನು ತಾನೇ ಬರೆದು, ಮುತ್ತುಗದ ಎಲೆ ಹಚ್ಚಿ ಮಕ್ಕಳನ್ನು ಸಾಕುವ ನಂಜಮ್ಮ. ಇದನ್ನು ಕಾಲೇಜಿನಲ್ಲಿ ಓದಿದ್ದಾಗ ಕರುಳು ಹಿಂಡುವ ದುಃಖದ ಪುಸ್ತಕವೆಂದಷ್ಟೇ ನನ್ನ ನೆನಪಿನಲ್ಲಿತ್ತು. ವಿಮರ್ಶಕರೂ ಇದರ ನಿಷ್ಠುರ ವಾಸ್ತವತೆಯನ್ನೇ ಎತ್ತಿ ಹೇಳುತ್ತ ಬಂದಿದ್ದಾರೆ. ಆದರೆ ಗಟ್ಟಿಯಾಗಿ ಓದಿದಾಗ ನನಗೆ ಆಶ್ಚರ್ಯ ಕಾದಿತ್ತು. ಇದರ ಬಹುಭಾಗ ನಗಿಸುವ ಪುಸ್ತಕ! ಗಂಗಮ್ಮನ ಬೈಗುಳಕ್ಕೆ ಅವ್ವ ಬಾಯಿಗೆ ಸೆರಗು ಹಿಡಿದು ನಕ್ಕಳು. ಚೆನ್ನಿಗರಾಯನ ಹೊಟ್ಟೆಬಾಕತನಕ್ಕೆ, “ಇಂಥಾ ಗಂಡಸನ್ನ ನಮ್ಮ ಓಣ್ಯಾಗೂ ಕಂಡೇನಿ,” ಎಂದಳು. ತಿಪಟೂರಿನ ಮಾತನ್ನು ನಾನು ಧಾರವಾಡದ ನಾಲಿಗೆಯಿಂದ ಓದುವುದೇ ಒಂದು ವಿನೋದವಾಯಿತು. ಕಾದಂಬರಿಯಲ್ಲಿ ಹಿಟ್ಟು ಉಣ್ಣುವ ಮಾತು ಬಂದಾಗ, “ಬರೇ ಹಿಟ್ಟು ಹ್ಯಾಂಗ ತಿಂತಾರೋ?” ಎಂದು ಅವಳ ಪ್ರಶ್ನೆ. ಆ ಕಡೆಯವರಿಗೆ ಹಿಟ್ಟೆಂದರೆ ರಾಗಿಯ ಮುದ್ದೆ ಎಂದು ವಿವರಿಸಿದೆ. “ಹಂಗಾದ್ರ ಮುದ್ದಿ ಅನಬಾರದೇನು?” ಎಂದು ಆ ಸೀಮೆಯವರನ್ನೇ ತರಾಟೆಗೆ ತೆಗೆದುಕೊಂಡಳು.

ಇದರಿಂದ ನನಗೆ ತಿಳಿದ ಒಂದು ಸಂಗತಿಯನ್ನು ಇಲ್ಲಿ ಹೇಳಬೇಕು. ‘ಗೃಹಭಂಗ’ದ ಜೀವ ಇರುವುದು ಅದರ ಆಡುಮಾತಿನಲ್ಲಿ. ಕಣ್ಣಿನಿಂದ ಓದುವವನು ಕಥೆಯ ಹಿಂದೆ ಓಡುತ್ತಾನೆ. ಮಾತಿನ ಲಯ ಅವನ ಕಿವಿಗೆ ಬೀಳುವುದಿಲ್ಲ. ನಂಜಮ್ಮನ ಕಷ್ಟವನ್ನು ಲೇಖಕರು ಸಹನೀಯವಾಗಿಸಿರುವುದು ಈ ಮಾತುಗಳ ಒರಟು ಹಾಸ್ಯದಿಂದಲೇ ಎಂಬುದು ಒಬ್ಬರು ಓದಿ ಇನ್ನೊಬ್ಬರು ಕೇಳಿದಾಗ ಸ್ಪಷ್ಟವಾಗುತ್ತದೆ.

* * *

ಏಪ್ರಿಲ್ ಕೊನೆಯ ಹೊತ್ತಿಗೆ ರಾಮಸಂದ್ರಕ್ಕೆ ಪ್ಲೇಗ್ ಬಂದಿತು. ಆ ಕಾಲದಲ್ಲಿ ಪ್ಲೇಗಿನ ಮುನ್ಸೂಚನೆಯನ್ನು ಕೊಡುತ್ತಿದ್ದುದು ಇಲಿಗಳು. ಮನೆಯಲ್ಲಿ ಇಲಿ ಬಿದ್ದರೆ ಊರು ಬಿಡಬೇಕು. ಇಲಿಯ ಮೈಮೇಲಿನ ಚಿಗಟಗಳು ಸತ್ತ ಇಲಿಯನ್ನು ಬಿಟ್ಟು ಮನುಷ್ಯನನ್ನು ಕಚ್ಚುವುದರಿಂದ ರೋಗ ಹರಡುತ್ತದೆಂಬ ಶಾಸ್ತ್ರ ಹಳ್ಳಿಯವರಿಗೆ ತಿಳಿದಿರಲಿಕ್ಕಿಲ್ಲ. ಊರು ಬಿಟ್ಟವರು ಬದುಕುತ್ತಾರೆಂಬುದು ಅನುಭವದಿಂದ ತಿಳಿದಿತ್ತು. ಊರ ಹೊರಗೆ ಹೊಲಗಳಲ್ಲಿ, ತೋಪುಗಳಲ್ಲಿ ಗರಿ ಹುಲ್ಲುಗಳ ಗುಡಿಸಲು ಹಾಕಿಕೊಂಡು ರೋಗ ತಣ್ಣಗಾಗುವವರೆಗೆ ಅಲ್ಲಿಯೇ ವಾಸ. ನಾವು ಮನೆಯೊಳಗೆ ಸೇರಿ ಬಾಗಿಲು ಹಾಕಿಕೊಂಡೆವು. ಅವರು ಬಾಗಿಲಿಗೆ ಬೀಗ ಹಾಕಿ ಹೊರಗೆ ಹೋದರು. ಅವರ ‘ಕ್ವಾರಂಟೈನ್’ ಅದು.

ನಂಜಮ್ಮನ ಮಗಳು ಪಾರ್ವತಿ, ಮಗ ರಾಮಣ್ಣ ಇಬ್ಬರನ್ನೂ ಪ್ಲೇಗು ಬೆನ್ನು ಬೆನ್ನಿಗೆ ಒಯ್ಯುವ ಪುಟಗಳಿಗೆ ಬಂದಾಗ ನನ್ನ ಧ್ವನಿ ತಡೆಯಿತು. ಅವ್ವ, “ಸಾಕಪಾ, ಅಲ್ಲಿಗೇ ನಿಂದರಸು,” ಎಂದಳು. ಫೋನಿನ ಆ ಕಡೆ ಸ್ವಲ್ಪ ಹೊತ್ತು ಏನೂ ಕೇಳಿಸಲಿಲ್ಲ. ಆಮೇಲೆ ಅವಳು ಒಂದು ಮಾತು ಹೇಳಿದಳು: “ನಮ್ಮವ್ವ ಪ್ಲೇಗಿನ ಮಾತು ತಗದ್ರ ಅಳತಿದ್ದಿಲ್ಲೋ, ನಗತಿದ್ಲು.”

ನಮ್ಮ ಅಜ್ಜಿ ಹುಬ್ಬಳ್ಳಿಯ ಹತ್ತಿರದ ಹಳ್ಳಿಯವಳು. ಹುಬ್ಬಳ್ಳಿ ಪ್ಲೇಗಿಗೆ ಬಹಳ ಬೆಂದ ಊರು. ಹಾಫ್ಕಿನ್ ಕಂಡುಹಿಡಿದ ಪ್ಲೇಗಿನ ಲಸಿಕೆಯನ್ನು 1898ರಲ್ಲಿ ದೊಡ್ಡ ಪ್ರಮಾಣದಲ್ಲಿ ಹಾಕಿದ ಊರುಗಳಲ್ಲಿ ಅದೂ ಒಂದು. ಆಮೇಲೆಯೂ ಎಷ್ಟೋ ವರ್ಷ ಆ ಸೀಮೆಗೆ ಪ್ಲೇಗು ಮರಳಿ ಮರಳಿ ಬಂದಿತು. ಅಂಥ ಒಂದು ವರ್ಷ, ಅಜ್ಜಿ ಏಳೆಂಟರ ಹುಡುಗಿಯಾಗಿದ್ದಾಗ, ಊರೆಲ್ಲ ಹೊಲಕ್ಕೆ ಹೋಯಿತಂತೆ. ಶಾಲೆಯಿಲ್ಲ. ಓಣಿ ಓಣಿಯ ಹುಡುಗರೆಲ್ಲ ಒಂದೇ ಕಡೆ. ಜೋಳ ಹಾಲುಗಾಳಾಗಿತ್ತು, ದಿನವೂ ಸೀತನಿ ಸುಟ್ಟು ತಿಂದರು. ರಾತ್ರಿ ಚಿಕ್ಕೆ ಎಣಿಸುತ್ತ ಮಲಗಿದರು. ಮನೆಯಲ್ಲಿ ಒಬ್ಬರಿಗೊಬ್ಬರು ಮೋರೆ ನೋಡದ ವಾರಗಿತ್ತಿಯರು ಒಂದೇ ಒಲೆಯಲ್ಲಿ ರೊಟ್ಟಿ ಬಡಿದರು. ಆ ವರ್ಷ ಅಜ್ಜಿಯ ತಮ್ಮನೊಬ್ಬ ತೀರಿಕೊಂಡದ್ದೂ ನಿಜ. ಆದರೂ ಮುದುಕಿಯಾದ ಮೇಲೆ ಅವಳ ನೆನಪಿನಲ್ಲಿ ಮೇಲೆ ತೇಲುತ್ತಿದ್ದುದು ಆ ಸೀತನಿ.

ಇಲ್ಲಿ ನನಗೆ ಕಾದಂಬರಿಯ ಬಗ್ಗೆ ಒಂದು ಆಕ್ಷೇಪಣೆ ಹುಟ್ಟಿತು. ‘ಗೃಹಭಂಗ’ದ ಪ್ಲೇಗಿನ ಅಧ್ಯಾಯಗಳಲ್ಲಿ ಸಾವು ಇರುವಷ್ಟು ಸತ್ಯವಾಗಿ ಸೀತನಿ ಏಕೆ ಇಲ್ಲ? ಊರ ಹೊರಗಿನ ಆ ಬದುಕಿನಲ್ಲಿ ಜನ ಅಡಿಗೆ ಮಾಡಿದರು, ಜಗಳವಾಡಿದರು, ಮಕ್ಕಳು ಆಡಿದರು. ಅಲ್ಲಿಯ ಸಂತೋಷವನ್ನು ನಮ್ಮ ಕಾದಂಬರಿ ಸಾಹಿತ್ಯ ಮನಸ್ಸಿಟ್ಟು ನೋಡಲಿಲ್ಲ. ಅಜ್ಜಿಯಂದಿರ ಬಾಯಲ್ಲಿ ಉಳಿದದ್ದು ಪುಸ್ತಕಕ್ಕೆ ಬರಲಿಲ್ಲ.

ಆದರೆ ಈ ಆಕ್ಷೇಪಣೆಯನ್ನು ಹಾಗೆಯೇ ಬಿಡುವುದು ನ್ಯಾಯವಲ್ಲ. ಭೈರಪ್ಪನವರು ಎಳೆಯ ವಯಸ್ಸಿನಲ್ಲಿಯೇ ಪ್ಲೇಗಿನಿಂದಾಗಿ ತಾಯಿಯನ್ನೂ ಒಡಹುಟ್ಟಿದವರನ್ನೂ ಕಳೆದುಕೊಂಡವರು. ಸೀತನಿಯ ನೆನಪು ಬದುಕಿ ಉಳಿದ ಮನೆಗೆ ಸೇರಿದ್ದು. ಎಲ್ಲವನ್ನೂ ಕಳೆದುಕೊಂಡವನಿಂದ ಅದನ್ನು ಕೇಳುವ ಹಕ್ಕು ನಮಗಿಲ್ಲ. ಅಲ್ಲದೆ ಕಾದಂಬರಿಯಲ್ಲಿ ನಾವು ಜಗತ್ತನ್ನು ನೋಡುವುದು ನಂಜಮ್ಮನ ಕಣ್ಣಿನಿಂದ. ನಾಳೆಯ ಹಿಟ್ಟಿನ ಚಿಂತೆಯಲ್ಲಿರುವ ತಾಯಿ ಚಿಕ್ಕೆ ಎಣಿಸುತ್ತಾಳೆಯೆ? ನಮ್ಮ ಮನೆಯಲ್ಲಿಯೂ ಆ ವರ್ಷ ಆದದ್ದು ಇದೇ. ಓದಿನ ಸಂಜೆಗಳನ್ನು ನಾನು, ಅವ್ವ, ತಂಗಿ ಇಂದಿಗೂ ಸಂತೋಷದಿಂದ ನೆನೆಯುತ್ತೇವೆ. ವೈನಿಯನ್ನು ಕೇಳಿದರೆ, ಮೂರು ಹೊತ್ತೂ ಮನೆ ತುಂಬ ಜನ, ಕೆಲಸದಾಕೆ ಇಲ್ಲ, ಪಾತ್ರೆಯ ರಾಶಿ; ಇಷ್ಟು ಅವರಿಗೆ ನೆನಪು. ನಮ್ಮ ಸಂತೋಷಕ್ಕೆ ಅಡಿಗೆಮನೆಯಲ್ಲಿ ಒಬ್ಬರು ಬೆಲೆ ತೆತ್ತಿದ್ದಾರೆ. ಭೈರಪ್ಪನವರು ಬರೆದದ್ದು ಆ ಒಬ್ಬರ ಕಥೆ.

ಓದು ಹತ್ತು ದಿನ ನಿಂತಿತು. ಆ ಹತ್ತು ದಿನ ಗೊರೂರು ರಾಮಸ್ವಾಮಿ ಅಯ್ಯಂಗಾರರ ‘ಹಳ್ಳಿಯ ಚಿತ್ರಗಳು’ ನಮ್ಮನ್ನು ಕಾಪಾಡಿತು. ಆಮೇಲೆ ಒಂದು ಸಂಜೆ ಅವ್ವ ತಾನಾಗಿಯೇ ಕೇಳಿದಳು: “ಆ ಸಣ್ಣ ಹುಡುಗ ಏನಾದ? ವಿಶ್ವ?”

ಕೊನೆಗೆ ನಂಜಮ್ಮನನ್ನೂ ಅದೇ ರೋಗ ಒಯ್ಯುತ್ತದೆ. ಉಳಿದ ವಿಶ್ವನ ಕೈಹಿಡಿದು ಊರು ಬಿಟ್ಟು ನಡೆಯುವವರು ಮಹಾದೇವಯ್ಯನವರು. ಅವರು ಭಿಕ್ಷೆಯಿಂದ ಬದುಕುವ ಜಂಗಮರು. ಹುಡುಗನಿಗೆ ರಕ್ತಸಂಬಂಧಿಯಲ್ಲ, ಜಾತಿಯವರಲ್ಲ. ತಂದೆಯಿದ್ದಾನೆ, ಅಜ್ಜಿಯಿದ್ದಾಳೆ; ಅವರು ಒಂದೇ ಸೂರಿನ ಕೆಳಗೆ ಇದ್ದೂ ಹುಡುಗನಿಗೆ ಯಾರೂ ಅಲ್ಲ. ಕಾದಂಬರಿಯುದ್ದಕ್ಕೂ ಮನೆಯನ್ನು ಮುರಿದದ್ದು ಪ್ಲೇಗಲ್ಲ, ಈ ಜನ. ಪ್ಲೇಗು ಆ ಬಿರುಕನ್ನು ಬೆಳಕಿಗೆ ತಂದಿತು, ಅಷ್ಟೆ. ಕೊನೆಯ ಪುಟ ಮುಗಿದಾಗ ಅವ್ವ, “ಮನಿ ಮುರೀತು ಅಂತ ಹೆಸರಿಟ್ಟಾರ, ಖರೆ. ಆದ್ರ ಹುಡುಗ ಉಳದಾನಲ್ಲ?” ಎಂದಳು. ಮಹಾದೇವಯ್ಯನವರ ಪಾತ್ರವನ್ನು ಕುರಿತು ನಾನು ಓದಿದ ಯಾವ ವಿಮರ್ಶೆಗಿಂತಲೂ ಈ ಮಾತು ನನಗೆ ಹೆಚ್ಚು ಸಮರ್ಪಕವಾಗಿ ಕಾಣುತ್ತದೆ.

* * *

ಜುಲೈ ತಿಂಗಳಲ್ಲಿ ಪುಣೆಯಲ್ಲಿ ಮತ್ತೆ ಹತ್ತು ದಿನಗಳ ಬಿಗಿಯಾದ ಲಾಕ್‌ಡೌನ್. ಅದೇ ವಾರ ಹುಬ್ಬಳ್ಳಿಯಲ್ಲಿ ನಮ್ಮ ಚಿಕ್ಕಪ್ಪ ಕೊರೋನಾದಿಂದ ತೀರಿಕೊಂಡರು. ನನ್ನ ಕಾಲೇಜಿನ ಫೀ ತುಂಬಿದವರು ಅವರು. ಮಹಾರಾಷ್ಟ್ರದಿಂದ ಬಂದವರು ಕರ್ನಾಟಕದಲ್ಲಿ ಏಳು ದಿನ ಪ್ರತ್ಯೇಕವಾಗಿರಬೇಕೆಂಬ ನಿಯಮವಿತ್ತು. ನಿಪ್ಪಾಣಿಯ ಹತ್ತಿರದ ಕೊಗನೊಳ್ಳಿ ಚೆಕ್‌ಪೋಸ್ಟ್ ದಾಟಿ ಹೋದರೂ ನನಗೆ ಅವರ ಮುಖ ಕಾಣುತ್ತಿರಲಿಲ್ಲ. ಚಿಕ್ಕಪ್ಪನ ಮಗನೂ ಸೋಂಕಿನಿಂದ ಹಾಸಿಗೆ ಹಿಡಿದಿದ್ದ. ಬಿಳಿಯ ಉಡುಪಿನ ನಾಲ್ವರು ಹುಡುಗರು ದಹನ ಮುಗಿಸಿದರು. ಅವರಲ್ಲೊಬ್ಬ ಆರೇಳು ನಿಮಿಷ ಫೋನು ಹಿಡಿದು ನಮಗೆಲ್ಲ ತೋರಿಸಿದ. ಬೆಂಕಿಯ ಝಳಕ್ಕೆ ಅವನ ಕೈ ನಡುಗುತ್ತಿತ್ತು. ಅವರ ಹೆಸರು ನಮಗೆ ಇಂದಿಗೂ ಗೊತ್ತಿಲ್ಲ.

ಆ ರಾತ್ರಿ ನಿದ್ದೆ ಬಾರದೆ ಕಪಾಟಿನಿಂದ ತೆಗೆದದ್ದು ‘ಸಂಸ್ಕಾರ’. 1965ರಲ್ಲಿ ಪ್ರಕಟವಾದ ಈ ಕಿರಿಯ ಕಾದಂಬರಿಯನ್ನು ನಾವೆಲ್ಲ ಓದಿದ್ದು ಸಂಕೇತಗಳ ಕೃತಿಯಾಗಿ. ದೂರ್ವಾಸಪುರದ ಅಗ್ರಹಾರಕ್ಕೆ ಬಂದ ಪ್ಲೇಗು ಆ ಸಮಾಜದ ಕೊಳೆತಕ್ಕೆ ಸಂಕೇತ, ಸತ್ತು ಬೀಳುವ ಇಲಿಗಳು ಸಂಕೇತ, ಮನೆಗಳ ಮೇಲೆ ಕೂರುವ ಹದ್ದುಗಳು ಸಂಕೇತ. ಹೀಗೆಂದು ಪರೀಕ್ಷೆಯಲ್ಲಿ ಬರೆದು ಅಂಕ ಪಡೆದವನು ನಾನೂ ಒಬ್ಬ. 2020ರಲ್ಲಿ ಓದಿದಾಗ ಅಲ್ಲಿಯ ಪ್ಲೇಗು ಬರಿಯ ಪ್ಲೇಗಾಗಿಯೇ ಮೈಮೇಲೆ ಬಂದಿತು. ಹದ್ದುಗಳನ್ನು ಓಡಿಸಲು ಬ್ರಾಹ್ಮಣರು ಜಾಗಟೆ ಬಾರಿಸಿ ಶಂಖ ಊದುವ ಪುಟದಲ್ಲಿ ನಾನು ನಿಂತುಬಿಟ್ಟೆ. ಮಾರ್ಚ್ 22ರ ಸಂಜೆ ಐದು ಗಂಟೆಗೆ ನಾವೂ ಬಾಲ್ಕನಿಯಲ್ಲಿ ನಿಂತು ತಟ್ಟೆ ಬಾರಿಸಿದ್ದೆವು. ನಮ್ಮದು ವೈದ್ಯರಿಗೆ, ದಾದಿಯರಿಗೆ ಕೃತಜ್ಞತೆ, ಅವರದು ಭಯ. ಆದರೆ ಆ ಸಂಜೆ ನಮ್ಮ ತಟ್ಟೆಯ ಸದ್ದಿನಲ್ಲಿ ಭಯವೇ ಇರಲಿಲ್ಲವೆಂದು ನಾನು ಹೇಳಲಾರೆ.

ನಾರಣಪ್ಪನ ಹೆಣ ಕೊಳೆಯುತ್ತಿದೆ. ಸಂಸ್ಕಾರ ಮಾಡುವವರು ಯಾರು ಎಂದು ಅಗ್ರಹಾರ ಶಾಸ್ತ್ರವನ್ನು ಹುಡುಕುತ್ತಿದೆ. ಗೋಡೆಗೆ ಗೋಡೆ ತಾಗಿದ ಮನೆಗಳು. ಸತ್ತವನಿಗೆ ಒಬ್ಬರೂ ಇಲ್ಲ. ಕೊನೆಗೆ ಅವನೊಡನೆ ಬಾಳಿದ ಚಂದ್ರಿ, ಮೀನು ವ್ಯಾಪಾರದ ಅಹ್ಮದ್ ಬ್ಯಾರಿಯ ಸಹಾಯದಿಂದ, ರಾತ್ರಿ ಗಾಡಿಯಲ್ಲಿ ಹೆಣವನ್ನು ಸಾಗಿಸಿ ಸುಟ್ಟುಬಿಡುತ್ತಾಳೆ. ಮೊದಲ ಓದಿನಲ್ಲಿ ಈ ಘಟನೆ ಕಥೆಯ ಒಂದು ತಿರುವೆಂದು ಮಾತ್ರ ಕಂಡಿತ್ತು. ನನ್ನ ಮಟ್ಟಿಗೆ ಈಗ ಅದೇ ಕಾದಂಬರಿಯ ನಡುಗಂಬ. ಪ್ರಾಣೇಶಾಚಾರ್ಯರ ಇಡೀ ತಾತ್ತ್ವಿಕ ಹೊಯ್ದಾಟ ಒಂದು ತಕ್ಕಡಿಯಲ್ಲಿ, ಬ್ಯಾರಿಯ ಎತ್ತಿನ ಗಾಡಿ ಇನ್ನೊಂದರಲ್ಲಿ ಇಟ್ಟರೆ ಗಾಡಿಯೇ ಭಾರ. ನಮ್ಮ ಪುಣೆಯಲ್ಲಿಯೂ ಆ ವರ್ಷ ಮುಸ್ಲಿಂ ತರುಣರು ಎಲ್ಲ ಮತದವರ ಶವಗಳಿಗೂ ಅವರವರ ಪದ್ಧತಿಯಂತೆ ಅಂತ್ಯಕ್ರಿಯೆ ನಡೆಸಿದ್ದನ್ನು ಓದುಗರು ಪತ್ರಿಕೆಗಳಲ್ಲಿ ನೋಡಿರಬಹುದು. ಅನಂತಮೂರ್ತಿಯವರು ಈ ಘಟನೆಯನ್ನು ಕೆಲವೇ ಪುಟಗಳಲ್ಲಿ ಮುಗಿಸಿ ಆಚಾರ್ಯರ ಹಿಂದೆ ಹೊರಟುಬಿಡುತ್ತಾರೆ. ಬ್ಯಾರಿಯ ಮನಸ್ಸಿನಲ್ಲಿ ಆ ರಾತ್ರಿ ಏನಿತ್ತು? ಫೋನು ಹಿಡಿದ ಹುಡುಗನ ಮನಸ್ಸಿನಲ್ಲಿ ಏನಿತ್ತು? ಕಾದಂಬರಿಯ ಈ ಮೌನ ನನಗೆ ಕೊರತೆಯಾಗಿಯೇ ತೋರುತ್ತದೆ.

ಸಂತೋಷದ ವಿಷಯದಲ್ಲಿ ಮಾತ್ರ ‘ಸಂಸ್ಕಾರ’ ‘ಗೃಹಭಂಗ’ಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿದೆ. ರೋಗಿಷ್ಠ ಹೆಂಡತಿ ಭಾಗೀರಥಿಯೂ ಪ್ಲೇಗಿಗೆ ತುತ್ತಾದ ಮೇಲೆ ಪ್ರಾಣೇಶಾಚಾರ್ಯರು ಗೊತ್ತುಗುರಿಯಿಲ್ಲದೆ ನಡೆಯುತ್ತಾರೆ. ದಾರಿಯಲ್ಲಿ ಗಂಟುಬೀಳುವವನು ಮಾಳೇರ ಪುಟ್ಟ. ಒಗಟು ಹೇಳುತ್ತಾನೆ, ಮೇಳಿಗೆಯ ಜಾತ್ರೆಗೆ ಎಳೆದೊಯ್ಯುತ್ತಾನೆ, ಬೇಡವೆಂದರೂ ಬಿಡುವುದಿಲ್ಲ. ಸೂತಕದ ಮನುಷ್ಯನನ್ನು ಜಾತ್ರೆಯ ಗದ್ದಲದಲ್ಲಿ ನಿಲ್ಲಿಸುವ ಈ ಭಾಗದ ಧೈರ್ಯ ಅಸಾಮಾನ್ಯವಾದದ್ದು. ಆಚಾರ್ಯರು ಪುಟ್ಟನಿಗೆ ಹೆದರುತ್ತಾರೆ. ಸಾವಿನ ಮರುದಿನವೇ ಜೀವ ಚಿಗುರುತ್ತದಲ್ಲ ಎಂಬ ನಾಚಿಕೆ ಅದು. ಚಿಕ್ಕಪ್ಪ ತೀರಿಕೊಂಡ ನಾಲ್ಕನೆಯ ದಿನ ತಂಗಿ ಫೋನಿನಲ್ಲಿ ಅವರ ಹಳೆಯ ಲೂನಾದ ಕಥೆ ಹೇಳಿ, ನಾವೆಲ್ಲ ನಕ್ಕು, ತಟ್ಟನೆ ಸುಮ್ಮನಾದೆವು. ಆ ನಾಚಿಕೆ ನನಗೂ ಪರಿಚಯವಾಯಿತು. “ನಗರಿ, ಅವನೇನು ಬ್ಯಾಡ ಅಂತಿದ್ದಿಲ್ಲ,” ಎಂದು ಅವ್ವ ಅಪ್ಪಣೆ ಕೊಟ್ಟ ಮೇಲೆಯೇ ಆ ನಗು ಮುಂದುವರಿಯಿತು.

* * *

ಈ ಎರಡು ಕಾದಂಬರಿಗಳನ್ನು ಪುಣೆಯಲ್ಲಿ ಕುಳಿತು ಓದುವವನಿಗೆ ಈ ಊರಿನದೇ ಒಂದು ಹಳೆಯ ಅಧ್ಯಾಯ ನೆನಪಾಗದಿರದು. 1897ರಲ್ಲಿ ಪ್ಲೇಗ್ ಇಲ್ಲಿಗೆ ಬಂದಾಗ, ಪ್ಲೇಗ್ ಸಮಿತಿಯ ಅಧಿಕಾರಿ ರ‍್ಯಾಂಡ್‌ನ ಕೈಕೆಳಗೆ ಗೋರಾ ಸೈನಿಕರು ಪೇಟೆಯ ಮನೆಮನೆಗೆ ನುಗ್ಗಿ ರೋಗಿಗಳನ್ನು ಆಸ್ಪತ್ರೆಗೂ ಅವರ ಮನೆಯವರನ್ನು ಪ್ರತ್ಯೇಕ ಕ್ಯಾಂಪಿಗೂ ಸಾಗಿಸಿದರು. ಪ್ರತ್ಯೇಕವಾಗಿಡುವ ಉದ್ದೇಶ ವೈದ್ಯಕೀಯವಾಗಿ ಸರಿಯೇ ಇದ್ದಿರಬಹುದು. ಆದರೆ ತಾಯಿ ಎಲ್ಲಿ, ಮಗು ಎಲ್ಲಿ ಎಂದು ತಿಳಿಯದ ಜನ ರೋಗಿಗಳನ್ನೇ ಬಚ್ಚಿಡತೊಡಗಿದರು. ಜೂನ್ 22ರ ರಾತ್ರಿ ಗಣೇಶಖಿಂಡ ರಸ್ತೆಯಲ್ಲಿ ಚಾಪೇಕರ ಸಹೋದರರ ಗುಂಡು ರ‍್ಯಾಂಡ್‌ನಿಗೆ ತಗಲಿತು. ನಾವು ಇಂದು ವಿದ್ಯಾಪೀಠಕ್ಕೆ ಹೋಗುವ ಹಾದಿ ಅದು. ಅದೇ ವರ್ಷ ಮಾರ್ಚ್ 10ರಂದು ಇದೇ ಪುಣೆಯಲ್ಲಿ ಸಾವಿತ್ರಿಬಾಯಿ ಫುಲೆಯವರು ಪ್ಲೇಗಿನಿಂದ ತೀರಿಕೊಂಡರು. ತಮ್ಮದಲ್ಲದ ಮಗುವೊಂದನ್ನು ಹೊತ್ತು ಮಗನ ದವಾಖಾನೆಗೆ ತಂದಾಗ ಅವರಿಗೆ ಸೋಂಕು ತಗಲಿತ್ತು. ಒಂದೇ ಊರು, ಒಂದೇ ರೋಗ. ಒಂದು ಕಡೆ ಬಂಧವನ್ನು ಕತ್ತರಿಸಿದ ಕೈ, ಇನ್ನೊಂದು ಕಡೆ ಬಂಧುವಲ್ಲದವರನ್ನು ಎತ್ತಿಕೊಂಡ ಕೈ. ಆ ವರ್ಷ ಮಾಡಿದ ಸಾಂಕ್ರಾಮಿಕ ರೋಗಗಳ ಕಾಯಿದೆಯೇ 2020ರಲ್ಲಿಯೂ ಜಾರಿಗೆ ಬಂದಿತು.

ನಮ್ಮ ಅದೃಷ್ಟಕ್ಕೆ ನಮ್ಮ ಕಾಲದಲ್ಲಿ ಫೋನು ಇತ್ತು. ಫ್ರೆಂಚ್ ಲೇಖಕ ಕಮೂ 1947ರಲ್ಲಿ ಬರೆದ ‘ಪ್ಲೇಗ್’ ಕಾದಂಬರಿಯಲ್ಲಿ ಓರಾನ್ ನಗರದ ಬಾಗಿಲು ಮುಚ್ಚಿದ ಮೇಲೆ ಕಾಗದ ಬರೆಯುವುದೂ ನಿಂತು, ಅಗಲಿದವರಿಗೆ ತಂತಿಯೊಂದೇ ಗತಿಯಾಗುತ್ತದೆ. ಹತ್ತು ಪದಗಳ ಮಿತಿಯಲ್ಲಿ ವರ್ಷಗಳ ಪ್ರೀತಿಯೆಲ್ಲ ಸವೆದ ನಾಣ್ಯದಂಥ ಒಂದೆರಡು ವಾಕ್ಯಗಳಿಗೆ ಇಳಿದುಬಿಡುತ್ತದೆ. ಈ ಮಾತಿನಲ್ಲಿ ನಮಗೂ ಎಚ್ಚರಿಕೆಯಿದೆ. ಫೋನಿಗೆ ಪದಗಳ ಮಿತಿಯಿಲ್ಲ. ಆದರೂ “ಊಟ ಆತೇನು, ಹುಷಾರು” ಎಂಬ ಎರಡು ಮಾತಿನಲ್ಲಿ ಎಷ್ಟು ಮನೆಗಳ ಸಂಭಾಷಣೆ ಮುಗಿಯುತ್ತಿತ್ತೆಂಬುದು ನಮಗೆಲ್ಲ ಗೊತ್ತು. ನಮ್ಮ ಮನೆಯಲ್ಲಿ ಮಾತು ಬೆಳೆದದ್ದು ಫೋನಿನಿಂದಲ್ಲ, ನಡುವೆ ಒಂದು ಕಥೆಯನ್ನು ಇಟ್ಟುಕೊಂಡದ್ದರಿಂದ. ನಂಜಮ್ಮನ ಅತ್ತೆಯನ್ನು ಬೈಯುತ್ತ ಬೈಯುತ್ತ ಅವ್ವ ತನ್ನ ಅತ್ತೆಯ ವಿಷಯಕ್ಕೆ ಬಂದಳು. ಅರವತ್ತು ವರ್ಷ ನಮಗೆ ಹೇಳದ ಸಂಗತಿಗಳು ಅವು.

ಇಷ್ಟು ಹೇಳಿ ನಿಲ್ಲಿಸಿದರೆ ಆ ಕಾದಂಬರಿಗಳನ್ನು ನಾನು ಅರ್ಧ ಓದಿದಂತಾಗುತ್ತದೆ. ‘ಸಂಸ್ಕಾರ’ದಲ್ಲಿ ಅಗ್ರಹಾರದ ಆಚೆ ಕೇರಿಯ ಗುಡಿಸಲುಗಳಲ್ಲಿಯೂ ಜನ ಸಾಯುತ್ತಾರೆ; ಸತ್ತವರ ಗುಡಿಸಲಿಗೆ ಬೆಂಕಿ ಹಚ್ಚುತ್ತಾರೆ. ತಮ್ಮ ಧರ್ಮಸಂಕಟದಲ್ಲಿ ಮುಳುಗ ಅಗ್ರಹಾರಕ್ಕೆ ಅದು ಕಾಣುವುದಿಲ್ಲ. ಆ ವಾಕ್ಯಗಳನ್ನು ಓದುವಾಗ ನನಗೆ ನಮ್ಮ ಹೌಸಿಂಗ್ ಸೊಸೈಟಿಯ ಹಿಂದಿನ ತಗಡಿನ ಶೆಡ್ಡುಗಳು ನೆನಪಾದವು. ಕಟ್ಟಡದ ಕೆಲಸಕ್ಕೆಂದು ವಿಜಯಪುರ, ಕಲಬುರ್ಗಿ, ಯಾದಗಿರಿ ಕಡೆಯಿಂದ ಬಂದ ಕನ್ನಡದ ಮಂದಿ ಅಲ್ಲಿದ್ದರು. ಕೆಲಸ ನಿಂತಿತ್ತು. ನಾನು ಬಾಲ್ಕನಿಯಲ್ಲಿ ನಿಂತು ಫೋನಿನಲ್ಲಿ ನಂಜಮ್ಮನ ಕಷ್ಟವನ್ನು ಓದುತ್ತಿದ್ದಾಗ ಕೆಳಗೆ ಆ ಶೆಡ್ಡುಗಳಲ್ಲಿ ಒಲೆ ಹೊತ್ತಿತ್ತೋ ಇಲ್ಲವೋ, ಮೊದಲ ಮೂರು ವಾರ ನಾನು ನೋಡಲಿಲ್ಲ. ನೋಡಿದವಳು ನಮ್ಮ ಎದುರು ಮನೆಯ ಮರಾಠಿ ಹೆಣ್ಣುಮಗಳು. ಅವಳು ಅಕ್ಕಿ ಬೇಳೆ ಕೂಡಿಸುವಾಗ, “ನಿಮ್ಮ ಭಾಷೆಯವರೇ ಅಲ್ಲವೆ, ಬಂದು ಮಾತಾಡಿ,” ಎಂದು ನನ್ನನ್ನು ಕರೆದಳು. ಹೋದೆ. ಸಿಂದಗಿಯ ಕಡೆಯ ಒಬ್ಬ ಮುದುಕ, “ಸಾಹೇಬ್ರ, ನೀವು ಕನ್ನಡದಾಗ ಓದೂದು ಸಂಜೀಕ ನಮಗ ಕೇಳಸ್ತದರಿ,” ಎಂದ. ಅದುವರೆಗೆ ನನ್ನ ಓದಿಗೆ ಮೂರೇ ಜನ ಕೇಳುಗರೆಂದು ತಿಳಿದಿದ್ದೆ. ಮೇ ತಿಂಗಳಲ್ಲಿ ಆ ಶೆಡ್ಡುಗಳು ಖಾಲಿಯಾದವು. ಆ ಮುದುಕ ಊರು ಮುಟ್ಟಿದನೋ ಇಲ್ಲವೋ ತಿಳಿಯದು.

ಹೊರನಾಡಿನಲ್ಲಿರುವ ನಾವು ಆ ದಿನಗಳನ್ನು ನೆನೆಯುವಾಗ ಮನೆಯವರೆಲ್ಲ ಒಟ್ಟಿಗಿದ್ದೆವು, ಊರಿನವರೊಡನೆ ದಿನವೂ ಮಾತಾಡಿದೆವು ಎಂದು ಹೇಳಿಕೊಳ್ಳುತ್ತೇವೆ. ನಿಜವೇ. ಆದರೆ ಈ ಎರಡು ಕಾದಂಬರಿಗಳು ಕೇಳುವ ಪ್ರಶ್ನೆ ಅದಕ್ಕಿಂತ ದೊಡ್ಡದು. ಒಟ್ಟಿಗಿದ್ದವರೆಲ್ಲ ಬಂಧುಗಳಲ್ಲವೆಂದು ಗಂಗಮ್ಮನ ಮನೆ ಹೇಳುತ್ತದೆ. ಬಂಧುವಾಗಲು ರಕ್ತ ಬೇಕಿಲ್ಲವೆಂದು ಮಹಾದೇವಯ್ಯನವರು, ಬ್ಯಾರಿ, ಪುಟ್ಟ ಹೇಳುತ್ತಾರೆ. ಬದುಕಿದ್ದಾಗ ಈ ಇಬ್ಬರು ಲೇಖಕರ ವಿಚಾರಗಳು ಒಂದಕ್ಕೊಂದು ಕೂಡುತ್ತಿರಲಿಲ್ಲ. ಅನಂತಮೂರ್ತಿಯವರು 2014ರಲ್ಲಿ, ಭೈರಪ್ಪನವರು 2025ರಲ್ಲಿ ನಮ್ಮನ್ನು ಅಗಲಿದರು. ಪ್ಲೇಗಿನ ಈ ಒಂದು ಮಾತಿನಲ್ಲಿ ಇಬ್ಬರ ಪುಸ್ತಕಗಳೂ ಒಪ್ಪುತ್ತವೆಂಬುದು ಗಮನಿಸತಕ್ಕ ಸಂಗತಿ. ಇಬ್ಬರೂ ಬರೆಯದೆ ಉಳಿಸಿದ್ದು ಸೀತನಿಯ ಕಥೆ. ಅದನ್ನು ನಮ್ಮ ತರುಣ ಲೇಖಕರು ಬರೆಯಬೇಕು, ಅಡಿಗೆಮನೆಯ ವೈನಿಯನ್ನೂ ತಗಡಿನ ಶೆಡ್ಡಿನ ಮುದುಕನನ್ನೂ ಮರೆಯದೆ.

ಅಕ್ಟೋಬರ್ ಮಧ್ಯದಲ್ಲಿ ವಾಚನಾಲಯಗಳು ತೆರೆದ ಮೇಲೆ ‘ಗೃಹಭಂಗ’ವನ್ನು ಹಿಂತಿರುಗಿಸಿದೆ, ದಂಡ ಕೇಳಲಿಲ್ಲ. ಮರುವರ್ಷದ ಯುಗಾದಿಗೂ ಎರಡನೆಯ ಅಲೆಯಿಂದಾಗಿ ಹೋಗಲಾಗಲಿಲ್ಲ. ಅಷ್ಟರಲ್ಲಿ ಪುಣೆಯಲ್ಲಿ ತಯಾರಾದ ಲಸಿಕೆ ಧಾರವಾಡವನ್ನು ಮುಟ್ಟಿತ್ತು. “ನಿನಕಿಂತ ಮೊದಲ ನಿಮ್ಮ ಪುಣೆದ ಸೂಜಿ ಬಂತು ನೋಡು,” ಎಂದು ಅವ್ವ ಹಾಸ್ಯ ಮಾಡಿದಳು. ಈಗ ಅವಳ ಕಿವಿಯೂ ಮಂದವಾಗಿದೆ. ಫೋನಿನಲ್ಲಿ ಎಷ್ಟು ಗಟ್ಟಿಯಾಗಿ ಓದಿದರೂ ಕೇಳಿಸುವುದಿಲ್ಲ. ಓದಬೇಕೆಂದರೆ ಹತ್ತಿರ ಕುಳಿತೇ ಓದಬೇಕು. ಬರುವ ವಾರ ಹೊರಟಿದ್ದೇನೆ. ವಾಚನಾಲಯದಿಂದ ಈ ಸಲ ‘ಹಳ್ಳಿಯ ಚಿತ್ರಗಳು’ ತಂದಿದ್ದೇನೆ. ಹದಿನೈದು ದಿನಗಳೊಳಗೆ ಹಿಂತಿರುಗಿಸುವೆನೆಂದು ಗ್ರಂಥಪಾಲರಿಗೆ ಮಾತು ಕೊಟ್ಟಿಲ್ಲ.